ಹತ್ತನೆಯ ಆಳು

ನಮ್ಮ ಊರಲ್ಲಿ ಕಳೆ ಕೀಳಲು, ಅರಿಸಿನ ಅಗೆಯಲು, ಚೆಂಡು ಹೂವು ಬಿಡಿಸಲು ಹೆಂಗಸರನ್ನು ಕರೆದುಕೊಂಡು ಹೋಗುವವಳು ನಾನು. ಮುಂಚೆ ನನ್ನ ಅತ್ತೆ ಕರೆಯುತ್ತಿದ್ದಳು. ಅವಳ ಸೊಂಟ ಬಿದ್ದ ಮೇಲೆ ಆ ಕೆಲಸ ನನಗೆ ಬಂತು, ಇನ್ನೂ ಯಾರಿಗೂ ಬಿಟ್ಟುಕೊಟ್ಟಿಲ್ಲ. ಕೂಲಿಗೂ ಕರೆಯುತ್ತೇನೆ, ಮುಯ್ಯಿಗೂ ಕರೆಯುತ್ತೇನೆ. ಮುಯ್ಯಿ ಎಂದರೆ ಏನು ಎಂದು ನಮ್ಮ ಕಡೆ ಯಾರಿಗೂ ಹೇಳಬೇಕಾಗಿಲ್ಲ, ಪೇಟೆಯವರಿಗೆ ಹೇಳಬೇಕು. ಇವತ್ತು ನಿನ್ನ ಮನೆಯಿಂದ ಒಂದಾಳು ನನ್ನ ಹೊಲಕ್ಕೆ ಬಂದರೆ ನಾಳೆ ನನ್ನ ಮನೆಯಿಂದ ಒಂದಾಳು ನಿನ್ನ ಹೊಲಕ್ಕೆ. ದುಡ್ಡಿನ ಮಾತಿಲ್ಲ. ಯಾರು ಬರುತ್ತಾರೆ ಎಂದು ಕೇಳುವ ಹಾಗೂ ಇಲ್ಲ. ಮಗಳು ಬಂದರೂ ಸರಿ, ಸೊಸೆ ಬಂದರೂ ಸರಿ, ಮೈ ಸರಿಯಿಲ್ಲವೆಂದು ನಾದಿನಿಯನ್ನು ಕಳಿಸಿದರೂ ಸರಿ. ಮನೆಗೊಂದು ತಲೆ ಬಂದರೆ ಮುಯ್ಯಿ ತೀರಿತು. ಹಾಗಾಗಿ ಆಳನ್ನು ಯಾರೂ ಕೇಳುವುದಿಲ್ಲ, ಮನೆಯ ಯಜಮಾನಿಯನ್ನು ಕೇಳುತ್ತಾರೆ.

ಇದೇ ಪದ್ಧತಿಯಲ್ಲಿ ನಾನು ಒಂದು ಸಲ ವಿಶ್ವವಿದ್ಯಾಲಯಕ್ಕೂ ಆಳು ಕರೆದೆ.

ನನ್ನ ಮಗನ ಮಗಳು ಗುಂಡ್ಲುಪೇಟೆಯ ಕಾಲೇಜಿನಲ್ಲಿ ಬಿ.ಎ. ಮುಗಿಸಿ, ಇತಿಹಾಸದಲ್ಲಿ ಎಂ.ಎ. ಮಾಡಿ ಕಾಲೇಜಿನಲ್ಲಿ ಪಾಠ ಹೇಳುತ್ತೇನೆ ಎಂದು ಹಟ ಹಿಡಿದಿದ್ದಳು. ಸತ್ತ ರಾಜರ ಸಮಾಚಾರ ತಿಳಿದು ಏನು ಮಾಡುತ್ತೀಯೆ ಎಂದು ಕೇಳಿದೆ.

'ರಾಜ್ರು ಮಾತ್ರ ಅಲ್ಲ ಕಣಜ್ಜಿ. ನಮ್ಮ ಬೀದೀಲಿ ಯಾರು ಯಾವಾಗ ಬಂದು ನೆಲೆ ನಿಂತ್ರು ಅನ್ನದೂ ಇತಿಹಾಸನೆ.'

'ಅದ ನನ್ನ ಕೇಳು, ಇಲ್ಲೇ ಯೋಳ್ತೀನಿ. ಬಸ್ಸಲ್ಲಿ ನೂಕಾಡದು ತಪ್ತದೆ' ಎಂದೆ.

ನಕ್ಕಳು, ಆದರೆ ಹಟ ಬಿಡಲಿಲ್ಲ. ಅವಳಪ್ಪ, ಎಂದರೆ ನನ್ನ ಮಗ, ಮೈಸೂರಿಗೆ ಕಳಿಸಿ ಹಾಸ್ಟೆಲಿನಲ್ಲಿ ಬಿಡಲು ಒಪ್ಪಲಿಲ್ಲ. ದಿನಾ ಹೋಗಿ ಬರುವುದಾದರೆ ಚಾಮರಾಜನಗರಕ್ಕೆ ಹೋಗಲಿ ಎಂದ. ಅಲ್ಲಿ ಡಿಗ್ರಿ ಮುಗಿಸಿದ ಮಕ್ಕಳಿಗೆ ಕೋರ್ಸುಗಳನ್ನು ತೋರಿಸುವ ಕಾರ್ಯಕ್ರಮ ಇದೆ ಎಂದು ಇವಳ ಫೋನಿಗೆ ಬಂದಿತ್ತು. ಅವನಿಗೆ ಟೊಮೆಟೊಗೆ ಔಷಧಿ ಹೊಡೆಯುವುದಿತ್ತು. ಜೊತೆಗೆ ನಾನು ಹೊರಟೆ.

ವಿಶ್ವವಿದ್ಯಾಲಯ ಊರಿನ ಹೊರಗಿದೆ. ಬಸ್ಸು ಇಳಿದು ಒಳಗೆ ನಡೆಯಬೇಕು. ಗೇಟಿನಿಂದ ಕಟ್ಟಡದವರೆಗೆ ನೆರಳು ಎಂಬುದಿಲ್ಲ. ನೆಟ್ಟ ಸಸಿಗಳಿಗೆ ಮುಳ್ಳು ಕಟ್ಟಿದ್ದರು, ಸಸಿಗಿಂತ ಮುಳ್ಳೇ ಎತ್ತರ. ಮುಂದಿನ ಬಯಲಲ್ಲಿ ಶಾಮಿಯಾನ ಹಾಕಿ, ಸೌಂಡ್ ಬಾಕ್ಸ್ ಕಟ್ಟಿ, ವಿಭಾಗಕ್ಕೊಂದು ಮೇಜು ಇಟ್ಟಿದ್ದರು. ಸಂತೆಯಲ್ಲಿ ಸೊಪ್ಪಿನವಳು, ಬದನೆಕಾಯಿಯವಳು ಬೇರೆ ಬೇರೆ ಕೂರುವ ಹಾಗೆ. ಕಾಮರ್ಸಿನ ಮೇಜಿನ ಮುಂದೆ ನೂಕುನುಗ್ಗಲು. ಕಂಪ್ಯೂಟರಿನ ಮೇಜಿನ ಮುಂದೆಯೂ ಅಷ್ಟೆ. ಇತಿಹಾಸದ ಮೇಜಿನ ಮುಂದೆ ಒಂದು ನಾಯಿ ಮಲಗಿತ್ತು.

ಮೇಜಿನ ಹಿಂದೆ ಆ ವಿಭಾಗದ ಮುಖ್ಯಸ್ಥೆ ಕೂತಿದ್ದರು. ನಡುವಯಸ್ಸಿನವರು, ಹತ್ತಿ ಸೀರೆ, ಸೆರಗಿನಲ್ಲೇ ಬೆವರು ಒರೆಸಿಕೊಳ್ಳುತ್ತಿದ್ದರು. ಎಲ್ಲರೂ ಅವರನ್ನು ಮೇಡಂ ಎನ್ನುತ್ತಿದ್ದರು, ನಾನೂ ಹಾಗೇ ಅಂದೆ.

'ಬನ್ನಿ ಅಜ್ಜಿ. ನೀವು ಸೇರ್ತೀರಾ?' ಎಂದರು.

'ಮಧ್ಯಾನ್ಕೆ ಮುದ್ದೆ ಹಾಕಂಗಿದ್ರೆ ಸೇರ್ತೀನಿ. ಸದ್ಯಕ್ಕೆ ಈ ಕೂಸ್ನ ಸೇರಿಸ್ಕಳಿ.'

ಮೊಮ್ಮಗಳ ಅಂಕಪಟ್ಟಿ ನೋಡಿ ಚೆನ್ನಾಗಿದೆ ಎಂದರು. ಆಮೇಲೆ ಮುಖ ಸಪ್ಪಗೆ ಮಾಡಿಕೊಂಡರು. 'ಸೇರಿಸ್ಕೊಳ್ಳೋಕೆ ತೊಂದರೆ ಇಲ್ಲ. ಆದರೆ ಇವಳನ್ನೂ ಸೇರಿಸಿದರೆ ಏಳು ಜನ ಆಗ್ತಾರೆ. ಹತ್ತು ಆಗದೆ ಇದ್ದರೆ ಈ ವರ್ಷ ತರಗತಿ ನಡೆಸೋ ಹಾಗಿಲ್ಲ. ಬೇರೆ ವಿಷಯ ತಗೋಬೇಕು, ಇಲ್ಲ ಮೈಸೂರಿಗೆ ಹೋಗಬೇಕು.'

'ಯಾವತ್ನವರ್ಗೂ ಸೇರ್ಬೌದು?'

'ಮುಂದಿನ ಶುಕ್ರವಾರ ಕೊನೆ.'

'ಮೂರಾಳು ತಾನೆ? ಒಂದೇ ಒಲಕ್ಕೆ ಮೂವತ್ತಾಳು ಕರ್ದಿವ್ನಿ ನಾನು. ಬುಡಿ, ಕರ್ಕಬತ್ತೀನಿ.'

ಮೇಡಂ ನಗಲಿಲ್ಲ. 'ಕರೀರಿ ಅಜ್ಜಿ. ಆದರೆ ಹುಡುಗೀರನ್ನೇ ಕೇಳಿ. ನಾನೂ ಬಸ್ಸು ಹತ್ತಿ ಹಳ್ಳಿ ಹಳ್ಳಿ ತಿರುಗಿದೀನಿ. ಅಪ್ಪ ಅಮ್ಮ ಕಾಫಿ ಕೊಡ್ತಾರೆ, ತಲೆ ಆಡಿಸ್ತಾರೆ, ಹುಡುಗಿ ಅಡುಗೆಮನೇಲೇ ಇರ್ತಾಳೆ. ಹಾಗೆ ಬಂದವರು ದೀಪಾವಳಿಗೆ ಊರಿಗೆ ಹೋದರೆ ಮತ್ತೆ ಬರೋದಿಲ್ಲ.'

ಹೂಂ ಎಂದೆ. ಒಳಗೊಳಗೆ, ಈ ಯಮ್ಮ ಯಾವ ಸೀಮೆಯವಳೋ, ಆಳು ಕರೆಯುವುದು ನನಗೆ ಹೇಳಿಕೊಡುತ್ತಾಳಲ್ಲ ಎಂದುಕೊಂಡೆ.

ಮನೆಗೆ ಬಂದು ವಿಷಯ ಹೇಳಿದಾಗ ಮಗ ಉಣ್ಣುತ್ತಿದ್ದ. 'ಶುಕ್ರವಾರದ ಗಂಟ ನೋಡನ. ಆಗ್ನಿಲ್ಲ ಅಂದ್ರೆ ಸೋಮವಾರದಿಂದ ಫ್ಯಾಕ್ಟ್ರಿ ಬಸ್ಸತ್ಲಿ. ಒಂದ್ವರ್ಸ ಸುಮ್ನೆ ಮನೇಲಿ ಕುಂತ್ರೆ ಓದಿದ್ದೂ ಓಯ್ತದೆ, ಕೆಲ್ಸನೂ ಓಯ್ತದೆ' ಎಂದ.

ಬಟ್ಟೆ ಹೊಲಿಯುವ ಫ್ಯಾಕ್ಟರಿಯ ಬಸ್ಸು ದಿನಾ ಬೆಳಗ್ಗೆ ನಮ್ಮೂರ ಬಾಗಿಲಿಗೇ ಬಂದು ಹಾರ್ನ್ ಹೊಡೆಯುತ್ತದೆ. ಮಗನ ಮಾತು ತಪ್ಪು ಎನ್ನಲಾರೆ. ಆ ಬಸ್ಸಿನಿಂದ ನಮ್ಮ ಬೀದಿಯ ಎಷ್ಟೋ ಮನೆಯ ಒಲೆ ಉರಿಯುತ್ತದೆ. ಆದರೆ ಅದನ್ನು ಹತ್ತಿದ ಹುಡುಗಿ ಮತ್ತೆ ಪುಸ್ತಕ ಹಿಡಿದದ್ದನ್ನು ನಾನು ಕಂಡಿಲ್ಲ. ಮೊಮ್ಮಗಳು ಮುದ್ದೆ ಅರ್ಧ ಬಿಟ್ಟು ಎದ್ದಳು. ಅವಳು ಊಟ ಬಿಡುವ ಕೂಸಲ್ಲ.

ಮಾರನೆಯ ದಿನ ಬೇಗೂರಿಗೆ ಹೋದೆ. ಅಲ್ಲಿ ಇವಳ ಜೊತೆ ಓದಿದ ಒಬ್ಬಳಿದ್ದಾಳೆ. ಹೆದ್ದಾರಿ ಪಕ್ಕದಲ್ಲೇ ಅವರ ಹೊಲ, ಚೆಂಡು ಹೂವು ಕಣ್ಣಿಗೆ ಚುಚ್ಚುವ ಹಾಗೆ ಬಂದಿತ್ತು. ಕೇರಳದ ಕಾರುಗಳು ನಿಂತು, ಇಳಿದವರು ಗಿಡದ ಮಧ್ಯೆ ನಿಂತು ಪಟ ತೆಗೆಸಿಕೊಳ್ಳುತ್ತಿದ್ದರು. ಹುಡುಗಿಯ ತಾಯಿ ಅವರನ್ನು ಅರ್ಧ ಮಲಯಾಳದಲ್ಲಿ, ಅರ್ಧ ಕನ್ನಡದಲ್ಲಿ ಬೈದು ಓಡಿಸುತ್ತಿದ್ದಳು. ನನ್ನನ್ನು ನೋಡಿ ಆಳು ಬಂದಿತೆಂದೇ ತಿಳಿದಳು. ಬಂದ ವಿಷಯ ಹೇಳಿದೆ.

'ಹೂವು ಗಿಡದಲ್ಲೇ ಬಾಡ್ತಾ ಅದೆ ಕಣಕ್ಕ. ಇವ್ಳ ಓದಕ್ಕೆ ಕಳ್ಸ್ಬುಟ್ರೆ ಬುಡ್ಸೋರ್ಯಾರು?'

'ನೀನು ಕೂಸ್ನ ಕಳ್ಸು. ನಿನ್ನ ಹೂವಿಗೆ ನಮ್ಮೂರಿಂದ ಆಳು ಬತ್ತದೆ. ಮುಯ್ಯಿ ಅಂದ್ಕೊ.'

ಅಷ್ಟಕ್ಕೆ ಒಪ್ಪಿದಳು. ಎಂಟಾಯಿತು.

ಗುಂಡ್ಲುಪೇಟೆಯಲ್ಲಿ ನಮಗೆ ರವಿಕೆ ಹೊಲಿದುಕೊಡುವ ಸಾಬರಿದ್ದಾರೆ. ಅವರ ಮಗಳೂ ಬಿ.ಎ. ಮಾಡಿದ್ದಾಳೆಂದು ಕೇಳಿದ್ದೆ. ಅಂಗಡಿಗೆ ಹೋದರೆ ಮಿಷನ್ನಿನಿಂದ ತಲೆ ಎತ್ತದೆ ಕೇಳಿದರು, 'ಏನಜ್ಜಿ, ರವಿಕೆ ಬಿಗಿ ಆಯ್ತಾ?'

'ರವ್ಕೆ ಸರ್ಯಾಗದೆ. ನಿಮ್ ಮಗ್ಳು ಬೇಕಾಗಿತ್ತು.'

ಮಿಷನ್ನು ನಿಂತಿತು. 'ಅರೆ! ಯಾರಿಗೆ?'

'ಯುನಿವರ್ಸಿಟಿಗೆ.'

ನಗುತ್ತಾ ಕೂರಲು ಸ್ಟೂಲು ಕೊಟ್ಟರು. ನಾನು ಮುಯ್ಯಿಯ ವಿಷಯ ಹೇಳಿದೆ. 'ನಂಗೆಲ್ಲಿ ಹೊಲ ಅಜ್ಜಿ? ಇಲ್ಲಿಗ್ಬಂದು ನೀನೇನ್ ಮಾಡ್ತೀಯ?'

'ಹುಕ್ಕು ಹಾಕ್ಕೊಡ್ತೀನಿ.'

'ನಿನ್ ಕೈಗೆ ಸೂಜಿ ಕೊಟ್ರೆ ನನ್ ಗಿರಾಕಿ ಎಲ್ಲಾ ಎದುರು ಅಂಗ್ಡಿಗೆ ಹೋಗ್ತಾರೆ.'

ಪರದೆಯ ಹಿಂದಿನಿಂದ ಹುಡುಗಿಯ ದನಿ ಅವರ ಮಾತಲ್ಲಿ ಏನೋ ಹೇಳಿತು. ಅಪ್ಪ ಒಂದು ಕೇಳಿದರು, ಅವಳು ನಾಲ್ಕು ಹೇಳಿದಳು. ಕೊನೆಗೆ ನನ್ನ ಕಡೆ ತಿರುಗಿದರು. 'ಅವಳಿಗೆ ಮೊದ್ಲಿಂದ ಮನಸ್ಸಿತ್ತಂತೆ. ಬಸ್ಸಲ್ಲಿ ಜೊತೆ ಇಲ್ದೆ ಸುಮ್ನಿದ್ಲಂತೆ. ನಿನ್ ಮೊಮ್ಮಗಳು ಅದೇ ಬಸ್ಸಲ್ಲಿ ಹೋಗೋದಾದ್ರೆ ಹೋಗ್ಲಿ. ಮುಯ್ಯಿ ಗಿಯ್ಯಿ ಬೇಡ, ನೀನು ಸೂಜಿ ಮುಟ್ಬೇಡ, ಅಷ್ಟೆ.'

ಒಂಬತ್ತಾಯಿತು. ಹುಡುಗಿ ತಾನೇ ಬಾಯಿಬಿಟ್ಟು ಹೇಳಿದ್ದು ಇದೊಂದು ಕಡೆ ಮಾತ್ರ ಎಂದು ಆಗ ನನಗೆ ಹೊಳೆಯಲಿಲ್ಲ.

ಉಳಿದ ಒಂದಕ್ಕೆ ಹರವೆಗೆ ಹೋದೆ. ಅಲ್ಲಿ ನನ್ನ ಚಿಕ್ಕವ್ವನ ಮಗಳಿದ್ದಾಳೆ, ನನಗೆ ತಂಗಿ. ಅವಳಿಗೆ ಡಿಗ್ರಿ ಮಾಡಿದ ಮಗಳಿದ್ದಾಳೆ. ಹುಡುಗಿ ರಾಗಿ ಬೀಸಿಸಲು ಮಿಲ್ಲಿಗೆ ಹೋಗಿದ್ದಳು. ಬರುವವರೆಗೂ ಕಾಯಲಿಲ್ಲ. ತಂಗಿಯ ಹತ್ತಿರವೇ ಮಾತು ಮುಗಿಸಿದೆ.

'ಚಾಮರಾಜನಗರದ ಯುನಿವರ್ಸಿಟಿಗೆ ಓದಿರೋ ಆಳು ಒಂದು ಕಮ್ಮಿ ಬಿದ್ದದೆ. ನಿಮ್ಮನೆಯಿಂದ ಕಳ್ಸವ್ವ. ಶುಕ್ರವಾರ ಬೆಳಗ್ಗೆ.'

'ಒಂದಾಳು ತಾನೆ? ಕಳ್ಸ್ತೀನಿ ಬುಡಕ್ಕ. ನನ್ನ ಈರುಳ್ಳಿ ಕಳೆಗೆ ನೀನ್ ಬಂದ್ಬುಡು.'

'ಬತ್ತೀನಿ.'

ಎಲೆ ಅಡಿಕೆ ಕೊಟ್ಟಳು, ಹಾಕಿಕೊಂಡು ಬಂದೆ. ಎಷ್ಟು ದಿನದ ಕೆಲಸ ಎಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ. ರಾತ್ರಿ ಮೊಮ್ಮಗಳಿಗೆ ಹತ್ತಾಯಿತು ಎಂದು ಹೇಳಿದೆ. ಎರಡು ಮುದ್ದೆ ತಿಂದಳು.

ಶುಕ್ರವಾರ ಗುಂಡ್ಲುಪೇಟೆಯವಳು ನಮ್ಮ ಬಸ್ಸಿಗೇ ಹತ್ತಿದಳು. ನಾವು ಹೋಗುವಷ್ಟರಲ್ಲಿ ಬೇಗೂರಿನವಳೂ ಬಂದಿದ್ದಳು. ಹರವೆಯ ಆಳು ಕಾಣಲಿಲ್ಲ. ಗೇಟಿನ ಹತ್ತಿರ ನಿಂತುಕೊಂಡೆವು. ಒಂದು ಬಸ್ಸು ಬಂತು, ಇಲ್ಲ. ಇನ್ನೊಂದು ಬಂತು. ಅದರಿಂದ ತಲೆಗೆ ವಸ್ತ್ರ ಸುತ್ತಿಕೊಂಡು, ಕೈಯಲ್ಲಿ ಬುತ್ತಿ ಹಿಡಿದುಕೊಂಡು ಇಳಿದವಳು ನನ್ನ ತಂಗಿಯ ಮಗಳಲ್ಲ, ಸೊಸೆ.

'ನೀನ್ಯಾಕಮ್ಮಿ ಬಂದೆ?' ಎಂದೆ.

'ಅತ್ತೆ ಕಳ್ಸುದ್ರು. ನಾದ್ನಿಗೆ ನೆನ್ನೆಯಿಂದ ಫ್ಯಾಕ್ಟ್ರೀಲಿ ಕೆಲ್ಸ ಸಿಕ್ತು. ಮುಯ್ಯಿ ತಪ್ಬಾರ್ದು, ನೀನೋಗು, ನೀನೂ ಓದಿದ್ದಿಯಲ್ಲ ಅಂದ್ರು. ಎಲ್ಲಿ ಕೂರ್ಬೇಕು ದೊಡ್ಡತ್ತೆ? ಯಾರ ಭಾಷ್ಣ?'

ಸಮಾವೇಶಗಳಿಗೆ ಊರಿಂದ ಬಸ್ಸು ತುಂಬಿಸಿಕೊಂಡು ಹೋಗುತ್ತಾರಲ್ಲ, ಹಾಗೆ ಏನೋ ಕಾರ್ಯಕ್ರಮಕ್ಕೆ ತಲೆ ಬೇಕಾಗಿದೆ ಎಂದು ನನ್ನ ತಂಗಿ ತಿಳಿದಿದ್ದಳು. ಒಂದು ದಿನ ಕೂತು, ಚಪ್ಪಾಳೆ ತಟ್ಟಿ, ಸಾಯಂಕಾಲಕ್ಕೆ ಬಾ ಎಂದು ಕಳಿಸಿದ್ದಳು.

ಮೊಮ್ಮಗಳು ನನ್ನ ಮುಖ ನೋಡಿದಳು. 'ಅಜ್ಜಿ, ನೀನು ಅವರಿಗೆ ಏನಂತ ಯೋಳ್ದೆ?'

'ಓದಿರೋ ಆಳು ಕಳ್ಸು ಅಂದೆ.'

'ಅಯ್ಯೋ, ಇದೇನು ಕಳೆ ಕೀಳೋ ಕೆಲ್ಸನಾ? ಎರಡ್ವರ್ಸ ಓದ್ಬೇಕು ಅಂತ ಯೋಳ್ನಿಲ್ವಾ?'

ಹೇಳಿರಲಿಲ್ಲ. ಆದರೆ ಬಂದ ಆಳನ್ನು ವಾಪಸ್ ಕಳಿಸುವುದು ನನ್ನ ಅಭ್ಯಾಸವಲ್ಲ. ಸೊಸೆಯ ಕಡೆ ತಿರುಗಿದೆ. 'ನೀನು ಎಲ್ಲಿಗಂಟ ಓದಿದ್ದೀಯಮ್ಮಿ?'

'ಬಿ.ಎ. ಮುಗ್ಸಿವ್ನಿ, ಇದೇ ಚಾಮರಾಜನಗರದಲ್ಲಿ. ನಮ್ಮಪ್ಪನೂರು ಪುಣಜನೂರಿಂದ ದಿನಾ ಬತ್ತಿದ್ದೆ. ರಸ್ತೇಲಿ ಆನೆ ನಿಂತ್ಕಂಡ ದಿನ ಮೊದಲ್ನೇ ಪಾಠ ಇಲ್ಲ.'

'ಇತಿಹಾಸ ಇತ್ತಾ?'

'ಇತ್ತು. ಅದ್ರಲ್ಲೇ ಜಾಸ್ತಿ ಬಂದಿತ್ತು.'

ಈ ಹುಡುಗಿ ಹರವೆಗೆ ಬಂದು ನಾಲ್ಕು ವರ್ಷವಾಗಿತ್ತು. ಅವಳ ಪಕ್ಕದ ಸಾಲಿನಲ್ಲಿ ನಾನೇ ಎಷ್ಟೋ ಸಲ ಕಳೆ ಕಿತ್ತಿದ್ದೆ. ಬಿಸಿಲಿನ ಮಾತು, ಹುಳದ ಮಾತು, ಅತ್ತೆಯ ಮಾತು ಆಡಿದ್ದೆವು. ಇದು ಮಾತ್ರ ಬಂದಿರಲಿಲ್ಲ.

ಕೈ ಹಿಡಿದು ಮೇಡಂ ಕೋಣೆಗೆ ಕರೆದುಕೊಂಡು ಹೋದೆ. ನಡೆದದ್ದನ್ನು ಮೊಮ್ಮಗಳೇ ಅವರಿಗೆ ಹೇಳಿದಳು. ಮೇಡಂ ಸೊಸೆಯನ್ನು ಕೇಳಿದರು, 'ನಿನಗೆ ಓದೋಕೆ ಇಷ್ಟ ಇದೆಯಾ?'

'ಅದೆ, ಅದೆ' ಎಂದೆ ನಾನು.

'ನಿಮ್ಮನ್ನ ಕೇಳಲಿಲ್ಲ ಅಜ್ಜಿ. ಹೊರಗೆ ಬೆಂಚಿದೆ, ಸ್ವಲ್ಪ ಕೂತ್ಕೊಳ್ಳಿ.'

ನನ್ನ ವಯಸ್ಸಿನಲ್ಲಿ ನನ್ನನ್ನು ಹೊರಗೆ ಕೂರಿಸಿದವರು ಅವರೊಬ್ಬರೇ. ಕೂತೆ. ಮೊಮ್ಮಗಳನ್ನೂ ಹೊರಗೆ ಕಳಿಸಿದರು. ಅವಳು ಬೆಂಚಿನ ತುದಿಯಲ್ಲಿ ಉಗುರು ಕಚ್ಚುತ್ತಾ ಕೂತಳು. ಬಾಗಿಲು ಹಾಕಿತ್ತು. ಒಳಗೆ ಮೊದಲು ಮೇಡಂ ದನಿ ಕೇಳುತ್ತಿತ್ತು. ಆಮೇಲೆ ಸೊಸೆಯ ದನಿ ಶುರುವಾಗಿ ನಿಲ್ಲಲೇ ಇಲ್ಲ. ಹರವೆಯ ಮನೆಯಲ್ಲಿ ಆ ದನಿಯನ್ನು ಅಷ್ಟು ಹೊತ್ತು ನಾನು ಕೇಳಿರಲಿಲ್ಲ.

ಹೊರಗೆ ಬಂದಾಗ ತಲೆಗೆ ಸುತ್ತಿದ್ದ ವಸ್ತ್ರ ಬಿಚ್ಚಿ ಕೈಯಲ್ಲಿ ಹಿಡಿದಿದ್ದಳು. 'ಅಂಕಪಟ್ಟಿ ಅಪ್ಪನ ಮನೇಲದೆ. ಅಣ್ಣಂಗೆ ಫೋನ್ ಮಾಡಿವ್ನಿ, ಮಧ್ಯಾನ್ಕೆ ತಂದ್ಕೊಡ್ತನೆ. ಫೀಸೂ ಅವ್ನೇ ಕಟ್ತನಂತೆ. ನಾನು ಸೇರ್ಕತೀನಿ.'

'ನಿನ್ನ ಗಂಡ ಏನಂತನೆ?'

'ಅವ್ರು ಅವ್ರವ್ವ ಅಂದಂಗೆ.'

'ಅವ್ರವ್ವಂಗೆ ಏನ್ ಯೋಳ್ತೀಯೆ?'

'ಕರ್ದೋರು ನೀವು. ನೀವೇ ಯೋಳಿ ದೊಡ್ಡತ್ತೆ' ಎಂದಳು. ಬಾಯಿ ಸತ್ತವಳು ಎಂದುಕೊಂಡಿದ್ದೆ.

ಮೇಡಂ ಇನ್ನೊಂದು ಮಾತು ಹೇಳಿದರು. ಸೋಮವಾರ ಹೊಸಬರನ್ನು ಸ್ವಾಗತಿಸುವ ಸಮಾರಂಭ. ಆವತ್ತೇ ತರಗತಿಯ ಮೊದಲ ಹಾಜರಿ. ಆ ಹಾಜರಿಗೆ ಹತ್ತೂ ಜನ ಕೂತಿರಬೇಕು, ಒಬ್ಬರು ತಪ್ಪಿದರೂ ಒಂಬತ್ತು ಜನರಿಗೆ ಪಾಠವಿಲ್ಲ. ನಾನು ಹರವೆಗೆ ಹೋಗಲಿಲ್ಲ, ಫೋನೂ ಮಾಡಿಸಲಿಲ್ಲ. ಹೇಳಿದ್ದರೆ ನನ್ನ ತಂಗಿ ಸೋಮವಾರ ಸೊಸೆಯನ್ನು ಹೊಸ್ತಿಲು ದಾಟಿಸುತ್ತಿರಲಿಲ್ಲ. ಕೆಲಸ ಒಂದು ದಿನಕ್ಕೆ ಮುಗಿಯಲಿಲ್ಲವಂತೆ, ಇನ್ನೊಂದು ದಿನ ಬರಬೇಕಂತೆ ಎಂದು ಸೊಸೆಯೇ ಹೇಳಿ ಬಂದಳು. ಅದು ಸುಳ್ಳೂ ಅಲ್ಲ.

ಸೋಮವಾರ ಮೊಮ್ಮಗಳ ಜೊತೆ ನಾನೂ ಹೋದೆ. ಅವಳಪ್ಪ ಬರಲಿಲ್ಲ. ಹಾಜರಿ ಕೂಗಿದ ಮೇಲೆ ಫೋನ್ ಮಾಡು, ಅಲ್ಲಿಯವರೆಗೂ ಫ್ಯಾಕ್ಟರಿಯವರಿಗೆ ನೀನು ಬರುವುದಿಲ್ಲ ಎಂದು ಹೇಳುವುದಿಲ್ಲ ಎಂದು ಕಳಿಸಿದ್ದ.

ಸಮಾರಂಭಕ್ಕೆ ಮತ್ತೆ ಶಾಮಿಯಾನ ಹಾಕಿ, ಬಾಗಿಲಲ್ಲಿ ರಂಗೋಲಿ ಬಿಟ್ಟಿದ್ದರು. ಸೀನಿಯರ್ ಹುಡುಗರು ಪಂಚೆ ಉಟ್ಟು ಓಡಾಡುತ್ತಿದ್ದರು, ಪಂಚೆ ಉಟ್ಟು ರೂಢಿಯಿಲ್ಲದೆ ಎರಡೂ ಕೈಯಲ್ಲಿ ಹಿಡಿದುಕೊಂಡೇ ಓಡಾಡುತ್ತಿದ್ದರು. ಹೊಸಬರಿಗೆಲ್ಲ ಒಂದೊಂದು ಗುಲಾಬಿ ಕೊಟ್ಟರು. ಇತಿಹಾಸದ ಹತ್ತೂ ಹುಡುಗ ಹುಡುಗಿಯರು ಎರಡನೆಯ ಸಾಲಿನಲ್ಲಿ ಕೂತರು. ವೇದಿಕೆಯ ಮೇಲೆ ಯಾರೋ ದೊಡ್ಡವರು ವಿದ್ಯೆಯಿಂದ ಏನೇನಾಗುತ್ತದೆ ಎಂದು ಹೇಳುತ್ತಿದ್ದರು. ಒಳ್ಳೆಯ ಮಾತೇ. ಸ್ವಲ್ಪ ಕಡಿಮೆ ಆಡಬಹುದಿತ್ತು.

ಆಗ ಶಾಮಿಯಾನದ ಹಿಂದಿನಿಂದ ಕೂಗು ಬಂತು. 'ಅಕ್ಕಾ!'

ನನ್ನ ತಂಗಿ. ಕಾಲಲ್ಲಿ ಹೊಲದ ಮಣ್ಣು ಹಾಗೇ ಇತ್ತು. ಮಧ್ಯದ ದಾರಿಯಲ್ಲಿ ನಡೆದು ನನ್ನ ಕುರ್ಚಿಯ ಮುಂದೆ ನಿಂತಳು. 'ಎಲ್ಲಿ ನನ್ನ ಸೊಸೆ?'

'ಅಲ್ ಕುಂತವ್ಳೆ ನೋಡು, ಹೂ ಹಿಡ್ಕಂಡು.'

'ಪುಣಜನೂರಿಂದ ಅವ್ಳಣ್ಣ ಫೋನ್ ಮಾಡಿ, ತಂಗಿ ಎಂ.ಎ. ಸೇರ್ಕಂಡ್ಲು ಸಂತೋಸ ಆಯ್ತು ಅಂತಾನೆ! ಒಂದಿನದ ಮುಯ್ಯಿ ಅಂತ ಕಳ್ಸುದ್ರೆ ಎರಡ್ವರ್ಸಕ್ಕೆ ಬರಸ್ಕಂಡಿದ್ದೀಯಲ್ಲ, ನನ್ನ ಈರುಳ್ಳಿ ಯಾರು ನೋಡ್ತರೆ, ನಿಮ್ಮಪ್ಪನಾ?'

'ನಮ್ಮಪ್ಪ ಬದ್ಕಿದ್ದಾಗ್ಲೇ ಈರುಳ್ಳಿ ಕಡೆ ನೋಡ್ದೋನಲ್ಲ. ಮೆಲ್ಲುಗ್ ಮಾತಾಡು, ಅಲ್ಲಿ ಭಾಷ್ಣ ನಡೀತದೆ.'

ವೇದಿಕೆಯ ಮೇಲಿನವರು ಭಾಷಣ ನಿಲ್ಲಿಸಿ ನಮ್ಮನ್ನೇ ನೋಡುತ್ತಿದ್ದರು. ಮೇಡಂ ಬಂದು ಇಬ್ಬರನ್ನೂ ಶಾಮಿಯಾನದ ಹಿಂದೆ, ಅಡುಗೆಯವರು ಪಾತ್ರೆ ಇಟ್ಟಿದ್ದ ಕಡೆ ಕರೆದುಕೊಂಡು ಹೋದರು. ಮೊಮ್ಮಗಳು ತಿರುಗಿ ತಿರುಗಿ ನೋಡುತ್ತಿದ್ದಳು. ಅವಳ ಕೈಯಲ್ಲಿದ್ದ ಗುಲಾಬಿಯ ಎಸಳು ಒಂದೊಂದೇ ಕೆಳಗೆ ಬೀಳುತ್ತಿತ್ತು.

'ಎಬ್ಬಿಸ್ಕಂಡೋಯ್ತೀನಿ' ಎಂದಳು ತಂಗಿ.

'ಓಗು. ಒಂದ್ಮಾತು ಯೋಳ್ಬುಟ್ಟೋಗು. ಹಿಡ್ದ ಸಾಲು ಅರ್ಧಕ್ಕೆ ಬುಟ್ಟು ಎದ್ದೋಗೋ ಆಳ್ನ ನೀನು ಇನ್ನೊಂದ್ಸಲ ಒಲಕ್ಕೆ ಕರೀತೀಯಾ?'

'ಯಾರ್ ಕರೀತರೆ?'

'ಅವ್ಳು ಸಾಲು ಹಿಡ್ದಾಯ್ತು. ಈಗ ಎಬ್ಬಿಸುದ್ರೆ, ಆ ಮನೆಯಿಂದ ಬಂದ ಆಳು ಅರ್ಧದಲ್ಲಿ ಎದ್ದೋಯ್ತು ಅಂತ ಹರವೆಲಿ ಮನೆಮನೆಗೂ ನಾನೇ ಯೋಳ್ತೀನಿ. ಬರೋ ಸುಗ್ಗಿಗೆ ನಿಂಗೆ ಯಾರು ಮುಯ್ಯಾಳು ಕೊಡ್ತಾರೋ ನೋಡ್ತೀನಿ.'

ನಮ್ಮಲ್ಲಿ ಕಳ್ಳಿ ಎನಿಸಿಕೊಂಡರೂ ಬದುಕಬಹುದು, ಸಾಲು ಬಿಟ್ಟವಳು ಎನಿಸಿಕೊಂಡರೆ ಕಷ್ಟ. ಆದರೆ ತಂಗಿಯೂ ನನ್ನ ಚಿಕ್ಕವ್ವನ ಮಗಳು, ಸುಲಭಕ್ಕೆ ಬಗ್ಗುವವಳಲ್ಲ.

'ಎರಡ್ವರ್ಸದ ಸಾಲು ಯಾವ ಒಲದಲ್ಲದೆ ಅಕ್ಕ? ಸಾಲಿಗೊಂದು ತುದಿ ಬೇಡ್ವಾ? ಇದ ನೀನು ಮೊದ್ಲೇ ಯೋಳಿದ್ರೆ ಕಳಿಸ್ತಿದ್ನಾ?'

ಅದು ಸರಿಯಾದ ಮಾತು. ಆದರೂ ಏನೋ ಹೇಳಲು ಹೊರಟೆ. ಅಷ್ಟರಲ್ಲಿ ಸೊಸೆ ತಾನೇ ಎದ್ದು ಬಂದಿದ್ದಳು.

'ಅತ್ತೆ, ಬೆಳಗ್ಗೆ ದನದ್ದು, ಅಡ್ಗೇದು ಎಲ್ಲ ಮುಗ್ಸೇ ಬತ್ತೀನಿ. ಭಾನ್ವಾರ ಒಲಕ್ಕೆ ನಾನೇ ಬತ್ತೀನಿ. ಉಳ್ದ ದಿನಕ್ಕೆ ನನ್ನ ಬದ್ಲು ದೊಡ್ಡತ್ತೆ ಬತ್ತರೆ.'

'ಕೆಲ್ಸ ಇರೋ ದಿನವೆಲ್ಲನಾ?'

'ಕೆಲ್ಸ ಇರೋ ದಿನವೆಲ್ಲ' ಎಂದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಮೇಡಂ ನನ್ನ ಮುಖ ನೋಡಿದರು. 'ಅಜ್ಜಿ, ನಿಮಗೆ ಇಷ್ಟ ಇದೆಯಾ?'

'ಇಷ್ಟ ಕಟ್ಕಂಡು ಏನ್ಮಾಡನ? ಬತ್ತೀನಿ ಅಂತ ಬರ್ಕಳಿ' ಎಂದೆ.

ತಂಗಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು, ದನ ಕೊಳ್ಳುವವರು ನೋಡುವ ಹಾಗೆ. 'ನೀನು ಬಂದ್ರೆ ಬಾಯಾಡ್ತದೆ, ಕೈಯಾಡಲ್ಲ.'

'ನನ್ನ ಬಾಯಿ ನಿಂತ ದಿನ ಕೈಯೂ ನಿಲ್ತದೆ. ಸುಮ್ನೆ ಒಪ್ಕೊ.'

ಅವಳು ಮೇಡಂ ಕಡೆ ತಿರುಗಿದಳು. 'ಯೋಳಿ ತಾಯಿ, ಇದ ಓದುದ್ರೆ ಇವ್ಳಿಗೆ ಕೆಲ್ಸ ಸಿಕ್ತದಾ?'

'ಸಿಕ್ಕೇ ಸಿಗುತ್ತೆ ಅಂತ ಬರೆದುಕೊಡೋಕೆ ಆಗಲ್ಲಮ್ಮ. ಆಮೇಲೆ ಪರೀಕ್ಷೆ ಬರೀಬೇಕು, ತುಂಬಾ ಪೈಪೋಟಿ ಇದೆ. ಇದನ್ನ ಓದದೆ ಇದ್ದರೆ ಆ ಪರೀಕ್ಷೆಗೂ ಕೂರೋ ಹಾಗಿಲ್ಲ. ಅಷ್ಟು ಮಾತ್ರ ಖಂಡಿತ.'

ತಂಗಿ ಕಾಲಿನ ಮಣ್ಣನ್ನು ನೆಲಕ್ಕೆ ಉಜ್ಜಿದಳು. 'ಈ ಯಮ್ಮ ಸುಳ್ಳೇಳೋಳಲ್ಲ' ಎಂದು ನನಗೆ ಹೇಳಿ, ಸೊಸೆಗೆ, 'ಓಗಿ ಕುಂತ್ಕೊ. ಆ ಭಾಷ್ಣದೋನು ನಿನ್ನೇ ಹುಡುಕ್ತಾವ್ನೆ' ಎಂದಳು.

ಊಟಕ್ಕೆ ಮೊದಲು ತರಗತಿಯಲ್ಲಿ ಹಾಜರಿ ಕೂಗಿದರು. ನಾವಿಬ್ಬರೂ ಕಿಟಕಿಯ ಹೊರಗೆ ನಿಂತು ಕೇಳಿದೆವು. ಸೊಸೆಯ ಸರದಿ ಕೊನೆಗೆ ಬಂತು, ಎಲ್ಲರಿಗಿಂತ ಜೋರಾಗಿ ಓ ಎಂದಳು. ಮೊಮ್ಮಗಳು ಹೊರಗೆ ಬಂದು ಅಪ್ಪನಿಗೆ ಫೋನ್ ಮಾಡಿದಳು. ಅವನು ಏನೆಂದ ಎಂದು ಕೇಳಿದೆ. 'ಸರಿ ಬುಡು, ಸಾಯಂಕಾಲ ಬರೋವಾಗ ಟೊಮೆಟೊಗೆ ಔಷ್ದಿ ತತ್ತಾ ಅಂದ್ರು' ಎಂದಳು. ತಂಗಿ ಪಲಾವು ಎರಡು ಸಲ ಹಾಕಿಸಿಕೊಂಡು, ಉಪ್ಪು ಕಡಿಮೆ ಎಂದಳು.

ಮಾರನೆಯ ದಿನದಿಂದ ಹರವೆಗೆ ಹೋಗತೊಡಗಿದೆ. ಈರುಳ್ಳಿ ಕಳೆ ಮುಗಿಯಿತು, ಸೂರ್ಯಕಾಂತಿ ಬಂತು, ಅರಿಸಿನ ಅಗೆತ ಬಂತು. ಬೇಗೂರಿನ ಹೂವಿಗೆ ನನ್ನ ಸೊಸೆಯನ್ನು, ಎಂದರೆ ಮೊಮ್ಮಗಳ ತಾಯಿಯನ್ನು, ಕಳಿಸಿದೆ. ಅವಳು ನನ್ನ ಮೇಲೆ ಮುಖ ಊದಿಸಿಕೊಂಡು ಹೋದಳು, ಬರುವಾಗ ಆ ಮನೆಯವಳ ಸ್ನೇಹ ಮಾಡಿಕೊಂಡು ಬಂದಳು. ದೀಪಾವಳಿಗೆ ಎಲ್ಲರೂ ಊರಿಗೆ ಹೋದರು. ರಜೆ ಮುಗಿದ ದಿನ ಹತ್ತೂ ಜನ ವಾಪಸ್ ಬಂದರು ಎಂದು ಮೇಡಂ ಮೊಮ್ಮಗಳ ಫೋನಿನಲ್ಲಿ ನನಗೇ ಹೇಳಿದರು.

ಮೊದಲ ಪರೀಕ್ಷೆಯ ಫಲಿತಾಂಶ ಬಂದಾಗ ನಾನೂ ತಂಗಿಯೂ ಹರವೆಯ ಹೊಲದಲ್ಲಿ ಕಳೆ ಕೀಳುತ್ತಿದ್ದೆವು. ಬಂದದ್ದನ್ನು ಬಂದ ಹಾಗೇ ಹೇಳಬೇಕು. ನನ್ನ ಮೊಮ್ಮಗಳಿಗಿಂತ ತಂಗಿಯ ಸೊಸೆಗೇ ಹೆಚ್ಚು ಬಂದಿತ್ತು. ತಂಗಿ ಪಕ್ಕದ ಸಾಲಿನಿಂದಲೇ ಶುರು ಮಾಡಿದಳು.

'ಕೇಳ್ದಾ ಅಕ್ಕ? ನಮ್ಮನೆ ಆಳೇ ಮೊದ್ಲು.'

'ಕೇಳ್ದೆ.'

'ನಾನು ಕಳ್ಸಿದ್ದು. ನಾನು ಕಳ್ಸ್ದೆ ಇದ್ರೆ ನಿಮ್ ಕೂಸಿಗೆ ಪಾಠನೇ ಇರ್ತಿರ್ನಿಲ್ಲ.'

'ನಿನ್ನ ಮಗ್ಳು ಬತ್ತಳೆ ಅಂದ್ಕಂಡಿದ್ರೆ ಸೊಸೆ ಕಳ್ಸ್ದೋಳು ನೀನು.'

'ಆಳಿಗೆ ಆಳು ಕಳ್ಸ್ದೆ. ಅದ್ರಲ್ಲಿ ಒಳ್ಳೆ ಆಳು ಕಳ್ಸ್ದೆ. ಮುಂದುಲ್ ವರ್ಸಕ್ಕೂ ಹತ್ತು ಬೇಕಂತಲ್ಲ ಆ ಯಮ್ಮಂಗೆ? ನಮ್ಮ ಬೀದೀಲಿ ಇನ್ನೂ ಎರಡವೆ. ಯೋಳು, ಅವ್ರವ್ವದೀರ್ ತಾವ ಇವತ್ತೇ ಮಾತಾಡ್ತೀನಿ.'

'ಅವ್ವದೀರ್ ತಾವ ಬ್ಯಾಡ. ಆ ಉಡ್ಗೀರ ಕರ್ಕಬಾ, ನಾನು ಕೇಳ್ತೀನಿ' ಎಂದೆ.

ಅವಳು ಕೆಲಸ ಬಿಟ್ಟು ಎದ್ದು ನಿಂತು, ಹುಡುಗಿಯರನ್ನು ಕೇಳುವುದಂತೆ, ಕಾಲ ಎಲ್ಲಿಗೆ ಬಂತು ನೋಡು ಎಂದು ಸೊಂಟದ ಮೇಲೆ ಕೈ ಇಟ್ಟುಕೊಂಡು ಶುರು ಮಾಡಿದಳು. ನಾನು ಕೇಳುತ್ತಾ ಕೀಳುತ್ತಾ ಹೋದೆ. ಬದು ಮುಟ್ಟಿ ತಿರುಗಿ ನೋಡಿದರೆ ಅವಳು ಇನ್ನೂ ಅರ್ಧ ಸಾಲಿನಲ್ಲೇ ನಿಂತು ಮಾತಾಡುತ್ತಿದ್ದಳು.